ಕಿರುಚಿತ್ರವೂ ಕೂಡಿ ದುಡಿಯುವ ಪಾಠವೂ

ಕಾಲೇಜುಗಳ ಮಾಧ್ಯಮ ತರಗತಿಗಳಲ್ಲಿ ವಿದ್ಯಾರ್ಥಿಗಳು ಐದಾರು ಮಂದಿ ಕೂಡಿ ಕಿರುಚಿತ್ರವೊಂದನ್ನು ತಯಾರಿಸುವುದು ಇಂದು ಪಾಠದ ಅಂಗವಾಗಿದೆ. ತರುಣರ ಒಲವು ರೋಮಾಂಚಕ ಕಥೆಗಳತ್ತ ಹರಿಯುವುದೂ ಸಹಜವೇ. ಆದರೆ ವಿಕ್ರೋಳಿಯ ಕನ್ನಮ್ವಾರ್ ನಗರದಲ್ಲೋ ಪಾರ್ಕ್‌ಸೈಟಿನಲ್ಲೋ ಇಕ್ಕಟ್ಟಾದ ಬಿಡಾರದಲ್ಲಿ ಸಂಸಾರ ನಡೆಸುವ ನಮ್ಮ ಹೋಟೆಲ್ ಕಾರ್ಮಿಕ ಬಂಧುವಿಗೆ, ಮಗನೋ ಮಗಳೋ ಇದಕ್ಕಾಗಿ ಹೊತ್ತು ಮೀರಿ ಮನೆಗೆ ಬಂದಾಗ, ‘ಇದೂ ಒಂದು ವಿದ್ಯೆಯೇ?’ ಎಂಬ ಶಂಕೆ ಹುಟ್ಟದಿರದು. ವಿದ್ಯೆಯೇ ಹೌದೆಂದು ನಾವು ಹೇಳುತ್ತೇವೆ. ಆದರೆ ಒಂದು ಕಟ್ಟಳೆಯ ಮೇಲೆ.

ಹೋಟೆಲಿನ ಒಳಹೊರಗನ್ನು ಬಲ್ಲವರಿಗೆ ಚಿತ್ರತಂಡದ ಮರ್ಮವನ್ನು ವಿವರಿಸಬೇಕಾಗಿಲ್ಲ. ಅಡಿಗೆಯ ಭಟ್ಟರು, ಬಡಿಸುವ ಮಾಣಿ, ಲೋಟ ತೊಳೆಯುವ ಹುಡುಗ, ಗಲ್ಲೆಯಲ್ಲಿ ಕುಳಿತವರು, ಇವರಲ್ಲೊಬ್ಬರು ತಪ್ಪಿದರೂ ಗಿರಾಕಿಯ ತೃಪ್ತಿಗೆ ಭಂಗ ಬರುವುದು. ಚಿತ್ರವೂ ಹಾಗೆಯೇ. ಕಥೆ ಬರೆಯುವವರು, ನಟಿಸುವವರು, ಕ್ಯಾಮರಾ ಹಿಡಿಯುವವರು, ಧ್ವನಿ ನೋಡಿಕೊಳ್ಳುವವರು, ತುಣುಕುಗಳನ್ನು ಜೋಡಿಸುವವರು, ಎಲ್ಲರೂ ಸೇರಿದರೆ ಮಾತ್ರ ಹತ್ತು ನಿಮಿಷದ ಚಿತ್ರ ನಿಂತೀತು.

ವ್ಯವಹಾರದಲ್ಲಿ ಆಗುವುದೇನು? ಬೆಲೆಬಾಳುವ ಕ್ಯಾಮರಾ ಉಳ್ಳವನೇ ನಿರ್ದೇಶಕನಾಗುತ್ತಾನೆ; ಬಡವರ ಮಗ ಚೀಲ ಹೊತ್ತು ಚಹಾ ತರುತ್ತಾನೆ. ಅಂಕಗಳು ಇಬ್ಬರಿಗೂ ಸಮಾನವಾಗಿ ಬಂದಾವು. ವಿದ್ಯೆ ಮಾತ್ರ ಒಬ್ಬನಿಗೆ ದಕ್ಕುವುದು. ಚಹಾ ತರುವುದು ಹೀನವೆಂದು ನಮ್ಮ ಮತವಲ್ಲ. 1913ರಲ್ಲಿ ದಾದಾಸಾಹೇಬ ಫಾಲ್ಕೆಯವರು ಇದೇ ಮುಂಬಯಿಯಲ್ಲಿ ‘ರಾಜಾ ಹರಿಶ್ಚಂದ್ರ’ವನ್ನು ತಯಾರಿಸಿದಾಗ, ಅವರ ಪತ್ನಿ ಸರಸ್ವತೀಬಾಯಿಯವರು ಇಡೀ ತಂಡಕ್ಕೆ ಅಡಿಗೆ ಮಾಡಿದರು. ಅವರೇ ಫಿಲ್ಮನ್ನು ಸಂಸ್ಕರಿಸುವುದನ್ನೂ ಕಲಿತು ನೆರವಾದರು. ಅನ್ನವಿಕ್ಕಿದ ಕೈಗೆ ಕಲೆಯೂ ಒಲಿಯಿತು. ಆ ಅವಕಾಶವು ಎಲ್ಲರಿಗೂ ದೊರೆಯಬೇಕೆಂಬುದೇ ನಮ್ಮ ಕಟ್ಟಳೆ. ಚಿತ್ರೀಕರಣಕ್ಕೆ ಮೊದಲೇ ಕೆಲಸಗಳನ್ನು ಕಾಗದದಲ್ಲಿ ಹಂಚಿ, ಪ್ರತಿಯೊಬ್ಬರಿಗೂ ಒಂದಾದರೂ ಕಲಿಕೆಯ ಹೊಣೆ ಬರುವಂತೆ ಮಾಡಬೇಕು. ಚಿತ್ರದ ಕೊನೆಯಲ್ಲಿ ಪ್ರತಿಯೊಬ್ಬರ ಹೆಸರೂ ಅವರ ಕೆಲಸದೊಡನೆ ಕಾಣಬೇಕು.

ಹಣವಿಲ್ಲವೆಂಬುದು ನೆಪವಾಗದಿರಲಿ. ಲಂಡನ್ನಿನಲ್ಲಿ ಕ್ರಿಸ್ಟೋಫರ್ ನೋಲನ್ನರು ತಮ್ಮ ಮೊದಲ ರೋಮಾಂಚಕ ಚಿತ್ರ ‘ಫಾಲೋಯಿಂಗ್’ ಅನ್ನು ತಯಾರಿಸಿದಾಗ ಅವರ ಗೆಳೆಯರೆಲ್ಲ ವಾರವಿಡೀ ನೌಕರಿಯಲ್ಲಿದ್ದವರು. ಸುಮಾರು ಒಂದು ವರ್ಷ ಶನಿವಾರಗಳಂದೇ ಚಿತ್ರೀಕರಣ ನಡೆಯಿತು. ಫಿಲ್ಮು ದುಬಾರಿಯಾದುದರಿಂದ, ದೃಶ್ಯವನ್ನು ಮೊದಲೇ ಚೆನ್ನಾಗಿ ಅಭ್ಯಾಸ ಮಾಡಿ ಒಂದೆರಡು ಬಾರಿಯಲ್ಲೇ ಮುಗಿಸುತ್ತಿದ್ದರು. 1998ರಲ್ಲಿ ಅದು ಬೆಳಕು ಕಂಡಿತು. ಹೋಟೆಲಿನ ದುಡಿಮೆ ಮುಗಿಸಿ ರಾತ್ರಿ ಶಾಲೆಯಲ್ಲಿ ಕಲಿತ ನಮ್ಮ ಹಿರಿಯರಿಗೆ ಈ ಬಗೆಯ ತಪಸ್ಸು ಹೊಸದೇನಲ್ಲ.

ರೋಮಾಂಚನಕ್ಕೆ ಪಿಸ್ತೂಲೂ ಬೇಡ. ಮೇಜಿನ ಕೆಳಗೆ ಬಾಂಬು ಇದೆಯೆಂದು ಪ್ರೇಕ್ಷಕನಿಗೆ ಮೊದಲೇ ತಿಳಿದಿದ್ದರೆ, ಅದು ಸಿಡಿಯುವುದಕ್ಕಿಂತ ಕಾಯುವಿಕೆಯೇ ಹೆಚ್ಚು ನಡುಗಿಸುವುದೆಂದು ಹಿಚ್‌ಕಾಕ್ ವಿವರಿಸಿದ್ದರು. ಕಡೆಯ ಲೋಕಲ್ ಗಾಡಿ ಹೋದ ಮೇಲೂ ಮನೆಗೆ ಬಾರದ ತಂದೆಯನ್ನು ಕಾಯುವ ಹುಡುಗಿಯ ಕಥೆಯಲ್ಲಿ ಸಾಕಷ್ಟು ಭೀತಿಯಿದೆ; ಅದನ್ನು ಕನ್ನಡದಲ್ಲೇ ಹೇಳಲೂಬಹುದು. ಬೀದಿಯಲ್ಲಿ ಆಟಿಕೆಯ ಬಂದೂಕು ಝಳಪಿಸಿ ಜನರನ್ನು ಬೆದರಿಸುವುದಾಗಲಿ, ಅನುಮತಿಯಿಲ್ಲದೆ ರೈಲ್ವೆ ನಿಲ್ದಾಣದಲ್ಲಿ ಚಿತ್ರೀಕರಿಸುವುದಾಗಲಿ ಸರ್ವಥಾ ಸಲ್ಲದು.

ಆದುದರಿಂದ ಪಾಲಕರಲ್ಲಿ ನಮ್ಮ ವಿನಂತಿ ಇಷ್ಟೇ: ಮಕ್ಕಳನ್ನು ಗದರಿಸದಿರಿ. ‘ಚಿತ್ರ ಹೇಗಾಯಿತು?’ ಎಂದಷ್ಟೇ ಕೇಳಿ ಸುಮ್ಮನಾಗದೆ, ‘ಅದರಲ್ಲಿ ನಿನ್ನ ಕೆಲಸವೇನು?’ ಎಂದೂ ಕೇಳಿರಿ.