48 ಗಂಟೆಯಲ್ಲಿ ಅಚ್ಚಾಗುವ ಸಂಶೋಧನೆ

ಕಳೆದ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಜೀಡಿಮೆಟ್ಲಾದ ನಮ್ಮ ಮನೆಗೆ ಪಕ್ಕದ ಬೀದಿಯ ಹುಡುಗನೊಬ್ಬ ಲ್ಯಾಪ್‌ಟಾಪ್ ಹಿಡಿದು ಬಂದ. ಊರು ಸಿಂಧನೂರಿನ ಕಡೆ. ಇಲ್ಲೇ ದುಂಡಿಗಲ್ ಹಾದಿಯ ಕಾಲೇಜೊಂದರಲ್ಲಿ ಎಂ.ಟೆಕ್ ಎರಡನೇ ವರ್ಷ. ಪರದೆಯ ಮೇಲೆ ಒಂದು ಇಮೇಲ್ ತೆರೆದಿಟ್ಟು, "ಅಣ್ಣಾ, ಎರಡೇ ದಿನದಾಗ ಪೇಪರ್ ಅಕ್ಸೆಪ್ಟ್ ಆಗ್ಯದ ನೋಡ್ರಿ. ಮೂರು ಸಾವಿರ ರೊಕ್ಕ ಹಾಕಿದ್ರ ನಾಳೆನೇ ಪ್ರಿಂಟ್. ಹಾಕ್ಲೇನು?" ಅಂದ.

"ಸ್ವಲ್ಪ ತಡಿಯಪ್ಪಾ, ಮೊದಲು ಪೇಪರ್ ತೋರಿಸು" ಅಂದೆ.

ತಡಿ ಎನ್ನಲು ನನಗೆ ಕಾರಣವಿತ್ತು. 2014ರಲ್ಲಿ ನಾನೂ ಎಂ.ಟೆಕ್ ಮುಗಿಸುವ ಅವಸರದಲ್ಲಿ 1,800 ರೂಪಾಯಿ ಕಟ್ಟಿ 'ಅಂತರರಾಷ್ಟ್ರೀಯ' ನಿಯತಕಾಲಿಕವೊಂದರಲ್ಲಿ ಪ್ರಬಂಧ ಪ್ರಕಟಿಸಿದ್ದೆ. ಬಣ್ಣದ ಪ್ರಮಾಣಪತ್ರವೂ ಬಂತು, ಅಪ್ಪ ಅದಕ್ಕೆ ಫ್ರೇಮ್ ಹಾಕಿಸಿದರು. ಕೆಲವು ವರ್ಷಗಳ ನಂತರ ಇಲ್ಲಿನ ಕಂಪನಿಯೊಂದರ ಸಂದರ್ಶನದಲ್ಲಿ, ರೆಸ್ಯೂಮೆಯಲ್ಲಿದ್ದ ಆ ಪ್ರಬಂಧದ ಕೊಂಡಿಯನ್ನು ತೆರೆಯಲು ಹೇಳಿದರು. ಜಾಲತಾಣವೇ ಇರಲಿಲ್ಲ. ಎದುರಿಗಿದ್ದವರು ಏನೂ ಅನ್ನಲಿಲ್ಲ, ಸುಮ್ಮನೆ ಮುಂದಿನ ಪ್ರಶ್ನೆಗೆ ಹೋದರು. ಅಂದೇ ಆ ಸಾಲನ್ನು ರೆಸ್ಯೂಮೆಯಿಂದ ಅಳಿಸಿದೆ. ಫ್ರೇಮ್ ಮಾತ್ರ ಊರಿನ ಮನೆಯ ಗೋಡೆಯ ಮೇಲೆ ಇನ್ನೂ ಇದೆ.

ಹೊರಗೆ ಥಳಕು, ಒಳಗೆ ಹುಳುಕು

ಹುಡುಗನ ಪ್ರಬಂಧ ನೋಡಲು ಬಲು ಅಂದವಾಗಿತ್ತು. ಐಇಇಇ ಮಾದರಿಯ ಎರಡು ಕಾಲಂ, ಟೈಮ್ಸ್ ನ್ಯೂ ರೋಮನ್ ಅಕ್ಷರ, 24 ಪಾಯಿಂಟ್ ಶೀರ್ಷಿಕೆ, 10 ಪಾಯಿಂಟ್ ಪಠ್ಯ. ಕೋಷ್ಟಕಗಳಿಗೆ ರೋಮನ್ ಅಂಕಿ, ಶೀರ್ಷಿಕೆ ಮೇಲೆ. ಚಿತ್ರಗಳಿಗೆ ಶೀರ್ಷಿಕೆ ಕೆಳಗೆ. ಉಲ್ಲೇಖಗಳಿಗೆ ಚೌಕ ಆವರಣದಲ್ಲಿ ಕ್ರಮಸಂಖ್ಯೆ. ಕೂದಲೆಳೆಯಷ್ಟೂ ತಪ್ಪಿಲ್ಲ.

ವಿಷಯವೂ ಒಳ್ಳೆಯದೇ. ಜೀಡಿಮೆಟ್ಲಾ ಕೈಗಾರಿಕಾ ಪ್ರದೇಶದ ಸಣ್ಣ ವರ್ಕ್‌ಶಾಪ್ ಒಂದರಲ್ಲಿ ನಾಲ್ಕು ಮೋಟಾರುಗಳಿಗೆ ಸೆನ್ಸರ್ ಅಂಟಿಸಿ, ಕಂಪನದ ದತ್ತಾಂಶ ಸಂಗ್ರಹಿಸಿ, ಬೇರಿಂಗ್ ಹಾಳಾಗುವುದನ್ನು ಮೊದಲೇ ಗುರುತಿಸುವ ಪ್ರಯತ್ನ. ಈ ವಿಷಯದಲ್ಲಿ ಬಹುತೇಕ ವಿದ್ಯಾರ್ಥಿಗಳು ಅಮೆರಿಕದ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯ ಉಚಿತವಾಗಿ ಕೊಡುವ ದತ್ತಾಂಶವನ್ನೇ ಬಳಸುತ್ತಾರೆ. ಅದು ಪ್ರಯೋಗಾಲಯದಲ್ಲಿ, 2 ಅಶ್ವಶಕ್ತಿಯ ಮೋಟಾರಿನ ಬೇರಿಂಗಿಗೆ ಬೇಕೆಂದೇ ಗಾಯ ಮಾಡಿ ಅಳೆದದ್ದು. ಈ ಹುಡುಗ ದೂಳು, ಬಿಸಿಲು, ವೋಲ್ಟೇಜ್ ಏರಿಳಿತದ ನಡುವೆ ನಿಂತು ತಂದ ದತ್ತಾಂಶ ಅದಕ್ಕಿಂತ ಅಪರೂಪದ್ದು.

ಆದರೆ ಆ ಅಪರೂಪದ ಸಂಗತಿಗಳೇ ಪ್ರಬಂಧದಲ್ಲಿ ಇರಲಿಲ್ಲ. ಮೋಟಾರುಗಳ ಸಾಮರ್ಥ್ಯ ಎಷ್ಟು, ಸೆಕೆಂಡಿಗೆ ಎಷ್ಟು ಬಾರಿ ಅಳೆಯಲಾಯಿತು, ಎಷ್ಟು ಗಂಟೆಯ ದತ್ತಾಂಶ, ಬೇರಿಂಗ್ ಹಾಳಾಗಿದೆ ಎಂದು ತೀರ್ಮಾನಿಸಿದವರು ಯಾರು? ಒಂದಕ್ಕೂ ಉತ್ತರವಿಲ್ಲ. ಅದರ ಬದಲು ಎರಡು ಪುಟ ಇತರರ ಕೆಲಸದ ಸಮೀಕ್ಷೆ. ಅದರಲ್ಲಿ 'ಸಿಗ್ನಲ್ ಟು ನಾಯ್ಸ್' ಎಂಬುದು 'ಫ್ಲ್ಯಾಗ್ ಟು ಕ್ಲಾಮರ್' ಆಗಿತ್ತು! ಕೃತಿಚೌರ್ಯದ ತಪಾಸಣೆಯಲ್ಲಿ ಶೇಕಡಾವಾರು ಕಡಿಮೆ ತೋರಿಸಲೆಂದು ಪದ ಬದಲಿಸುವ ತಂತ್ರಾಂಶಕ್ಕೆ ಹಾಕಿದ್ದನಂತೆ. ಉಲ್ಲೇಖಗಳಲ್ಲಿ ಎರಡು ಹುಡುಕಿದರೂ ಸಿಗಲಿಲ್ಲ. ಅವು ಎಐ ಚಾಟ್‌ಬಾಟ್ ಹುಟ್ಟಿಸಿಕೊಟ್ಟವು.

ಇದು ಅವನೊಬ್ಬನ ಕಥೆಯಲ್ಲ. ಫ್ರಾನ್ಸ್‌ನ ಗಿಯೋಮ್ ಕಬನಾಕ್ ಮತ್ತು ಸಂಗಡಿಗರು 2021ರಲ್ಲಿ ಇಂಥ ತಿರುಚಿದ ಪದಗಳನ್ನೇ ಸುಳಿವಾಗಿ ಹಿಡಿದು ಹೊರಟಾಗ, ಹೆಸರಾಂತ ಪ್ರಕಾಶಕರ ನಿಯತಕಾಲಿಕಗಳಲ್ಲೂ 'ಆರ್ಟಿಫಿಶಿಯಲ್ ಇಂಟೆಲಿಜೆನ್ಸ್' ಎಂಬುದು 'ಕೌಂಟರ್‌ಫೀಟ್ ಕಾನ್ಷಸ್‌ನೆಸ್' ಆಗಿದ್ದು, 'ಬಿಗ್ ಡೇಟಾ' ಎಂಬುದು 'ಕೊಲೋಸಲ್ ಇನ್ಫರ್ಮೇಷನ್' ಆಗಿದ್ದು ಕಂಡವು. 2023ರಲ್ಲಿ ಜಗತ್ತಿನಾದ್ಯಂತ ಹಿಂಪಡೆದ ಪ್ರಬಂಧಗಳ ಸಂಖ್ಯೆ 10,000 ದಾಟಿತು. ಅದರಲ್ಲಿ 8,000ಕ್ಕೂ ಹೆಚ್ಚು ಹಿಂದಾವಿ ಎಂಬ ಒಂದೇ ಪ್ರಕಾಶನದವು.

ಹೈದರಾಬಾದಿನ ನಂಟು

ಈ ವ್ಯಾಪಾರಕ್ಕೂ ನಾವಿರುವ ಊರಿಗೂ ಹಳೆಯ ನಂಟಿದೆ. ಹೈದರಾಬಾದ್ ಮೂಲದ ಓಮಿಕ್ಸ್ ಇಂಟರ್‌ನ್ಯಾಷನಲ್ ಸಂಸ್ಥೆಯ ವಿರುದ್ಧ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2016ರಲ್ಲಿ ಮೊಕದ್ದಮೆ ಹೂಡಿತು. ತಜ್ಞರ ವಿಮರ್ಶೆ ನಡೆಯುತ್ತದೆಂದು ಸುಳ್ಳು ಹೇಳುತ್ತಾರೆ, ಒಪ್ಪಿಗೆ ಕೊಡದ ವಿಜ್ಞಾನಿಗಳ ಹೆಸರನ್ನು ಸಂಪಾದಕ ಮಂಡಳಿಯಲ್ಲಿ ಹಾಕುತ್ತಾರೆ, ಶುಲ್ಕವನ್ನು ಮೊದಲೇ ತಿಳಿಸುವುದಿಲ್ಲ ಎಂಬುದು ಆರೋಪ. 2019ರ ಮಾರ್ಚ್‌ನಲ್ಲಿ ಅಲ್ಲಿನ ನ್ಯಾಯಾಲಯ 5.01 ಕೋಟಿ ಡಾಲರ್ ತೆರಬೇಕೆಂದು ಆದೇಶಿಸಿತು. ಮರುವರ್ಷ ಮೇಲ್ಮನವಿಯಲ್ಲೂ ಆ ಆದೇಶ ನಿಂತಿತು.

ಅದಕ್ಕೂ ಮೊದಲೇ, 2013ರಲ್ಲಿ 'ಸೈನ್ಸ್' ಪತ್ರಿಕೆಗಾಗಿ ಜಾನ್ ಬೊಹಾನನ್ ತಪ್ಪುಗಳಿಂದ ತುಂಬಿದ ನಕಲಿ ಪ್ರಬಂಧವೊಂದನ್ನು 304 ನಿಯತಕಾಲಿಕಗಳಿಗೆ ಕಳಿಸಿದ್ದರು. 157 ಒಪ್ಪಿಕೊಂಡವು, ತಿರಸ್ಕರಿಸಿದ್ದು 98 ಮಾತ್ರ. ಒಪ್ಪಿಕೊಂಡವುಗಳಲ್ಲಿ ಭಾರತದವು ಬಹಳ ಇದ್ದವು. 2015ರ ಇನ್ನೊಂದು ಅಧ್ಯಯನದ ಅಂದಾಜಿನಂತೆ, ಇಂಥ ಪರಭಕ್ಷಕ ನಿಯತಕಾಲಿಕಗಳಲ್ಲಿ 2010ರಲ್ಲಿ 53,000 ಇದ್ದ ಪ್ರಬಂಧಗಳು 2014ಕ್ಕೆ 4.2 ಲಕ್ಷಕ್ಕೇರಿದವು. ನನ್ನ 1,800 ರೂಪಾಯಿಯದೂ ಅದೇ ವರ್ಷ.

ಬೇಡಿಕೆ ಹುಟ್ಟಿದ್ದೆಲ್ಲಿ?

ಇದನ್ನು ಬರೀ ವಿದ್ಯಾರ್ಥಿಗಳ ಅಪ್ರಾಮಾಣಿಕತೆ ಎಂದು ಬೈದು ಮುಗಿಸುವಂತಿಲ್ಲ. ಪ್ರಬಂಧ ಬೇಕೇ ಬೇಕು ಎಂದವರು ಅದನ್ನು ಬರೆಯಲು ಕಲಿಸಲಿಲ್ಲ. ಯುಜಿಸಿಯ 2016ರ ನಿಯಮದಂತೆ ಪಿಎಚ್‌.ಡಿ ಮಹಾಪ್ರಬಂಧ ಸಲ್ಲಿಸುವ ಮೊದಲು ಕನಿಷ್ಠ ಒಂದು ಪ್ರಬಂಧ ಪ್ರಕಟವಾಗಬೇಕಿತ್ತು. ಅಧ್ಯಾಪಕರ ಬಡ್ತಿಗೂ ಪ್ರಕಟಣೆಗಳ ಲೆಕ್ಕ. ಎಂ.ಟೆಕ್‌ಗೂ ಹಲವು ಕಾಲೇಜುಗಳು ಅದನ್ನೇ ವಿಸ್ತರಿಸಿದವು. ಬೇಡಿಕೆ ಇದ್ದಲ್ಲಿ ಅಂಗಡಿ ತೆರೆಯಿತು.

ತಡೆಯುವ ಯತ್ನಗಳೂ ನಡೆದವು. ಯುಜಿಸಿ ತನ್ನ ಅನುಮೋದಿತ ಪಟ್ಟಿಯಿಂದ 2018ರ ಮೇ ತಿಂಗಳಲ್ಲಿ 4,305 ನಿಯತಕಾಲಿಕಗಳನ್ನು ತೆಗೆದುಹಾಕಿತು. 2019ರಲ್ಲಿ 'ಕೇರ್' ಪಟ್ಟಿ ಬಂತು. ಪಟ್ಟಿಯಲ್ಲಿದ್ದ ಒಳ್ಳೆಯ ನಿಯತಕಾಲಿಕಗಳ ಹೆಸರಿನಲ್ಲೇ ನಕಲಿ ಜಾಲತಾಣಗಳು ಹುಟ್ಟಿಕೊಂಡವು. 2022ರ ನಿಯಮದಲ್ಲಿ ಪಿಎಚ್‌.ಡಿಗೆ ಪ್ರಕಟಣೆಯ ಕಡ್ಡಾಯ ಹೋಯಿತು. 2025ರ ಫೆಬ್ರುವರಿಯಲ್ಲಿ 'ಕೇರ್' ಪಟ್ಟಿಯನ್ನೂ ಕೈಬಿಟ್ಟು, ಒಳ್ಳೆಯದು ಕೆಟ್ಟದ್ದನ್ನು ನೀವೇ ತೀರ್ಮಾನಿಸಿ ಎಂದು ವಿದ್ಯಾಸಂಸ್ಥೆಗಳಿಗೆ ಹೇಳಲಾಯಿತು. ಅದೇ ವರ್ಷದ ಎನ್‌ಐಆರ್‌ಎಫ್ ಶ್ರೇಯಾಂಕದಲ್ಲಿ ಹಿಂಪಡೆದ ಪ್ರಬಂಧಗಳಿಗೆ ಅಂಕ ಕಡಿತವೂ ಶುರುವಾಯಿತು.

ತಾತ್ವಿಕವಾಗಿ ಇದು ಸರಿ. ದೆಹಲಿಯಲ್ಲಿ ಕೂತು ಸಾವಿರಾರು ನಿಯತಕಾಲಿಕಗಳ ಯೋಗ್ಯತೆ ಅಳೆಯಲಾಗದು. ಆದರೆ ತೀರ್ಮಾನಿಸಬೇಕಾದ ಅಧ್ಯಾಪಕರು ತಾವೇ ಅಂಥ ನಿಯತಕಾಲಿಕಗಳಲ್ಲಿ ಪ್ರಕಟಿಸಿ ಬಡ್ತಿ ಪಡೆದವರಾಗಿದ್ದರೆ? ಸಿಂಧನೂರಿನ ಹುಡುಗನಿಗೆ ದಾರಿ ತೋರುವವರಾರು?

ಇನ್ನೊಂದು ಕೊರತೆ ಓದಿನದು. 'ಒಂದು ದೇಶ, ಒಂದು ಚಂದಾ' ಯೋಜನೆಗೆ ಕೇಂದ್ರ ಸಂಪುಟ 2024ರ ನವೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. 2025ರಿಂದ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕಗಳು, 6,300 ಸಂಸ್ಥೆಗಳು. ನಿಜಕ್ಕೂ ದೊಡ್ಡ ಹೆಜ್ಜೆ. ಆದರೆ ಅದು ಕೇಂದ್ರ ಮತ್ತು ರಾಜ್ಯ ಸರ್ಕಾರಿ ಸಂಸ್ಥೆಗಳಿಗೆ. ಎಂಜಿನಿಯರಿಂಗ್ ಓದುವವರಲ್ಲಿ ಬಹುಪಾಲು ಇರುವುದು ಖಾಸಗಿ ಕಾಲೇಜುಗಳಲ್ಲಿ. ಒಳ್ಳೆಯ ಪ್ರಬಂಧಗಳನ್ನು ಓದಿಯೇ ಇರದವನು ಒಳ್ಳೆಯದೊಂದನ್ನು ಬರೆಯುವುದು ಹೇಗೆ? ಅವನಿಗೆ ಸಿಗುವುದು ಉಚಿತ ಟೆಂಪ್ಲೇಟ್ ಒಂದೇ. ಅದನ್ನೇ ಸಂಶೋಧನೆ ಎಂದುಕೊಳ್ಳುತ್ತಾನೆ.

ಚೌಕಟ್ಟು ಇರುವುದು ಯಾಕೆ?

ಹಾಗೆಂದು ಚೌಕಟ್ಟು ಬರೀ ಶೃಂಗಾರವಲ್ಲ. ಬರೆದವನ ಪರಿಚಯವೇ ಇಲ್ಲದವನು ಅವನ ಕೆಲಸವನ್ನು ಪರೀಕ್ಷಿಸಲು ಮಾಡಿಕೊಂಡ ಏರ್ಪಾಡು ಅದು. ಸಾರಾಂಶದಲ್ಲಿ ಏನು ಮಾಡಿದೆ, ಎಷ್ಟು ಫಲ ಬಂತು ಎಂಬುದು ಅಂಕಿಸಂಖ್ಯೆಯೊಂದಿಗೆ ಇರಬೇಕು. ವಿಧಾನದ ಭಾಗ ಓದಿ ಮತ್ತೊಬ್ಬ ಅದೇ ಪ್ರಯೋಗ ಮಾಡುವಂತಿರಬೇಕು. ಐಇಇಇ ಕಾಲಂ ಅಗಲ ಮೂರೂವರೆ ಇಂಚು. ಅಷ್ಟರಲ್ಲಿ ಗ್ರಾಫಿನ ಅಕ್ಷರ, ಅಕ್ಷಗಳ ಏಕಮಾನ ಕಣ್ಣಿಗೆ ಕಾಣಬೇಕು. ಎಐ ಬರೆದ ಭಾಗವಿದ್ದರೆ ಕೃತಜ್ಞತೆಯ ಭಾಗದಲ್ಲಿ ಹೇಳಬೇಕೆಂದು ಐಇಇಇ ನಿಯಮವೇ ಇದೆ. ವ್ಯಾಕರಣ ತಿದ್ದಿಸಿಕೊಳ್ಳುವುದರಲ್ಲಿ ನಾಚಿಕೆಯೇನಿಲ್ಲ. ಆದರೆ ಪ್ರತಿಯೊಂದು ಉಲ್ಲೇಖವನ್ನೂ ತೆರೆದು ಓದಿರಬೇಕು.

ನಾನು ಹುಡುಗನಿಗೆ ಕೇಳಿದ್ದು ಒಂದೇ ಪ್ರಶ್ನೆ. "ನಿಖರತೆ ಶೇ 99.2 ಅಂತ ಬರೆದೀಯಲ್ಲ, ತರಬೇತಿಯ ದತ್ತಾಂಶ ಯಾವುದು, ಪರೀಕ್ಷೆಯ ದತ್ತಾಂಶ ಯಾವುದು?"

ನಾಲ್ಕೂ ಮೋಟಾರುಗಳ ದತ್ತಾಂಶವನ್ನು ಸಣ್ಣ ತುಣುಕು ಮಾಡಿ, ಕಲಸಿ, ಐದರಲ್ಲಿ ನಾಲ್ಕು ಪಾಲು ತರಬೇತಿಗೆ, ಉಳಿದದ್ದು ಪರೀಕ್ಷೆಗೆ ಇಟ್ಟಿದ್ದ. ಅಂದರೆ ಒಂದೇ ಮೋಟಾರಿನ ಅಕ್ಕಪಕ್ಕದ ತುಣುಕುಗಳು ಎರಡೂ ಕಡೆ ಸೇರಿಕೊಂಡಿದ್ದವು. ಪ್ರಶ್ನೆಪತ್ರಿಕೆ ತೋರಿಸಿ ಪರೀಕ್ಷೆ ಮಾಡಿದಂತಾಯಿತು. ಅಲ್ಲೇ ಕೂತು ಮೂರು ಮೋಟಾರಿನಿಂದ ತರಬೇತಿ, ನಾಲ್ಕನೆಯದರ ಮೇಲೆ ಪರೀಕ್ಷೆ, ಹೀಗೆ ನಾಲ್ಕು ಸುತ್ತು ಮಾಡಿಸಿದೆ. ಸರಾಸರಿ ಶೇ 81ಕ್ಕೆ ಇಳಿಯಿತು.

ಹುಡುಗನ ಮುಖ ಬಾಡಿತು. "ಹಿಂಗಾದ್ರ ಯಾರು ತಗೋತಾರ ಅಣ್ಣಾ?" ಅಂದ. ಸಂಶೋಧನೆ ಶುರುವಾಗುವುದೇ ಆ 81ರಿಂದ ಎಂದೆ. 48 ಗಂಟೆಯಲ್ಲಿ 'ವಿಮರ್ಶೆ' ಮುಗಿಸಿದವರು ಈ ಒಂದು ಪ್ರಶ್ನೆ ಕೇಳಿರಲಿಲ್ಲ. ಅವರು ಪ್ರಬಂಧವನ್ನು ಓದಿರಲೇ ಇಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಹಣ ಕಟ್ಟುವ ಮುನ್ನ

ಶುಲ್ಕ ಕೇಳಿದ ಮಾತ್ರಕ್ಕೆ ಎಲ್ಲರೂ ಮೋಸಗಾರರಲ್ಲ. ಮುಕ್ತ ಪ್ರವೇಶದ ಒಳ್ಳೆಯ ನಿಯತಕಾಲಿಕಗಳು ಒಂದು ಲಕ್ಷ ರೂಪಾಯಿಗೂ ಹೆಚ್ಚು ಕೇಳುವುದುಂಟು, ಸಮ್ಮೇಳನಗಳಿಗೂ ನೋಂದಣಿ ಶುಲ್ಕವಿದೆ. ಐಎಸ್‌ಎಸ್‌ಎನ್ ಸಂಖ್ಯೆ ಗುರುತಿನ ಚೀಟಿಯಷ್ಟೇ, ಗುಣಮಟ್ಟದ ಮುದ್ರೆಯಲ್ಲ. 'ಇಂಪ್ಯಾಕ್ಟ್ ಫ್ಯಾಕ್ಟರ್' ಲೆಕ್ಕ ಹಾಕುವುದು ಕ್ಲಾರಿವೇಟ್ ಸಂಸ್ಥೆ. 'ಗ್ಲೋಬಲ್', 'ಯೂನಿವರ್ಸಲ್' ಎಂಬ ವಿಶೇಷಣ ಅಂಟಿದ್ದರೆ ಅನುಮಾನಿಸಿ. ಸ್ಕೋಪಸ್‌ನಲ್ಲಿದೆ ಎಂದರೆ ಸ್ಕೋಪಸ್‌ನ ಜಾಲತಾಣದಲ್ಲೇ ಹುಡುಕಿ, ಅವರು ಕೊಟ್ಟ ಕೊಂಡಿಯಿಂದ ಬೇಡ. ಸಂಪಾದಕ ಮಂಡಳಿಯ ಇಬ್ಬರಿಗೆ ಅವರವರ ವಿಶ್ವವಿದ್ಯಾಲಯದ ವಿಳಾಸಕ್ಕೆ ಇಮೇಲ್ ಹಾಕಿ ಕೇಳಿ. ಹಿಂದಿನ ಸಂಚಿಕೆಯ ಮೂರು ಪ್ರಬಂಧ ಓದಿ. 'ಫ್ಲ್ಯಾಗ್ ಟು ಕ್ಲಾಮರ್' ಸಿಕ್ಕಿದರೆ ಅಲ್ಲಿಂದ ಎದ್ದುಬಿಡಿ.

ಮನೆಯ ಹತ್ತಿರದ ದಾರಿಯೂ ಇದೆ. ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿ, ಎಂಜಿನಿಯರಿಂಗ್ ವಿಜ್ಞಾನಗಳಿಗೆಂದೇ 'ಸಾಧನಾ' ನಿಯತಕಾಲಿಕವನ್ನು ಹೊರತರುತ್ತದೆ. ಅಲ್ಲಿ ಪ್ರಬಂಧ ತಿರಸ್ಕೃತವಾಗಬಹುದು. ಆದರೆ ಯಾಕೆ ಎಂಬುದಕ್ಕೆ ಬರುವ ಒಂದು ಪುಟದ ಉತ್ತರ, ಮೂರು ಸಾವಿರದ ಪ್ರಮಾಣಪತ್ರಕ್ಕಿಂತ ಹೆಚ್ಚು ಬಾಳುತ್ತದೆ.

ಹೊರರಾಜ್ಯದಲ್ಲಿರುವ ನಾವು ಮಾಡಬಹುದಾದದ್ದೂ ಒಂದಿದೆ. ನಮ್ಮಲ್ಲಿ ಎಷ್ಟೋ ಮಂದಿ ಕನ್ನಡ ಮಾಧ್ಯಮದಿಂದ ಬಂದವರು. ಹುಡುಗರನ್ನು ಈ ಅಂಗಡಿಗಳಿಗೆ ತಳ್ಳುವುದು ಸೋಮಾರಿತನಕ್ಕಿಂತ ಹೆಚ್ಚಾಗಿ ಇಂಗ್ಲಿಷಿನ ಭಯ. ಆರು ಪುಟದಲ್ಲಿ ಹೇಳದೆ ಬಿಟ್ಟದ್ದನ್ನು ಈ ಹುಡುಗ ನನಗೆ ಹತ್ತೇ ನಿಮಿಷದಲ್ಲಿ ಕನ್ನಡದಲ್ಲಿ ಹೇಳಿದ: ಎರಡನೇ ಮೋಟಾರಿನ ಬುಡದ ಬೋಲ್ಟ್ ಸಡಿಲವಿತ್ತು, ಅದರ ಕಂಪನವೇ ಬೇರೆ, ಮಧ್ಯಾಹ್ನ ವೋಲ್ಟೇಜ್ ಬಿದ್ದಾಗ ಓದು ಬದಲಾಗುತ್ತಿತ್ತು. ಅದನ್ನೇ ಹಾಗೇ ಕನ್ನಡದಲ್ಲಿ ಬರೆ, ಆಮೇಲೆ ಇಂಗ್ಲಿಷಿಗೆ ತರೋಣ ಅಂದೆ. ವಾರಕ್ಕೆ ಒಂದು ಗಂಟೆ ಇಂಥ ಒಬ್ಬ ಹುಡುಗ ಅಥವಾ ಹುಡುಗಿಯ ಪಕ್ಕ ಕೂರುವುದು ನಮಗೆ ಕಷ್ಟವಾಗಲಾರದು.

ಅವನು ಹಣ ಕಟ್ಟಲಿಲ್ಲ. ತಿಂಗಳ ಕೊನೆಯೊಳಗೆ 'ಪ್ರಕಟಣೆಯ ಪುರಾವೆ' ಕೇಳಿದ್ದ ಗೈಡ್ ಮೊದಲು ಸಿಡುಕಿದರಂತೆ. ಸಲ್ಲಿಕೆಯ ರಸೀದಿಯಾದರೂ ತಾ ಎಂದು ಕೊನೆಗೆ ಒಪ್ಪಿದ್ದಾರೆ. ಪ್ರಬಂಧ ಇನ್ನೂ ತಿದ್ದುತ್ತಿದ್ದೇವೆ.

ಮೊನ್ನೆ ಆ ವರ್ಕ್‌ಶಾಪಿನ ಮಾಲೀಕರಿಗೆ ಶೇ 81ರ ವಿಷಯ ಹೇಳಿದನಂತೆ. ಅವರು ತೆಲುಗಿನಲ್ಲಿ ಕೇಳಿದ್ದು ಇಷ್ಟೇ: "ತಪ್ಪಿದ್ದು ಯಾವ ಮೋಟಾರಿನಲ್ಲಿ, ಯಾಕೆ?" ಹತ್ತನೇ ತರಗತಿ ಓದಿದ ಆ ಮನುಷ್ಯನೇ ಹುಡುಗನ ಪ್ರಬಂಧದ ಮೊದಲ ನಿಜವಾದ ವಿಮರ್ಶಕ.