ದಾರಿಯ ದೋಷವೋ, ವೇಳೆಯ ದೋಷವೋ?

ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಪ್ರಾತಃಸಾಯಂಕಾಲಗಳಲ್ಲಿ ವಾಹನಗಳು ನಿಂತಲ್ಲಿಯೇ ನಿಲ್ಲುವುದನ್ನು ಕಂಡು, ಮಹಾಮಾರಿ ಕಳೆದು ಅಭ್ಯುದಯವು ಮರಳಿತೆಂದು ಕೆಲವರು ಹಿಗ್ಗುತ್ತಿರುವರು. ಜ್ವರದ ಕಾವನ್ನು ತೇಜಸ್ಸೆಂದು ಬಗೆಯುವವರಿಗೂ ಇವರಿಗೂ ಭೇದವೇನು? ಟಾಮ್‌ಟಾಮ್ ಸಂಸ್ಥೆಯ ಗಣನೆಯಂತೆ 2023ರಲ್ಲಿ ನಗರದ ನಡುವೆ 10 ಕಿಲೋಮೀಟರು ಕ್ರಮಿಸಲು ಸರಾಸರಿ 28 ನಿಮಿಷಗಳು ಬೇಕಾಗಿದ್ದುವು.

ರಸ್ತೆ ಸಾಲದು, ಹೆಬ್ಬಾಳದಿಂದ ಸಿಲ್ಕ್ ಬೋರ್ಡಿನವರೆಗೆ ಸುರಂಗವನ್ನೇ ಕೊರೆಯಬೇಕೆಂಬುದು ಪೂರ್ವಪಕ್ಷ. ಅದು ನಿಲ್ಲತಕ್ಕುದಲ್ಲ. ಎಲ್ಲರನ್ನೂ ಒಂದೇ ಗಳಿಗೆಗೆ ಕರೆಯುವ ಪದ್ಧತಿ ಉಳಿದಿರುವವರೆಗೆ, ಸುರಂಗದ ಬಾಯಲ್ಲಿಯೂ ಅವೇ ವಾಹನಗಳು ಬಂದು ಸಾಲುಗಟ್ಟುವುವು. 2020ರ ಮಾರ್ಚಿ ತಿಂಗಳಲ್ಲಿ ದಿಗ್ಬಂಧನವಾದಾಗ ಗಣಕಯಂತ್ರದ ಉದ್ಯೋಗವು ಮನೆಗಳಿಂದಲೇ ನಡೆಯಿತಷ್ಟೆ. ಆ ಪಾಠವನ್ನು ಕಚೇರಿಗಳ ಯಜಮಾನರು ಇಷ್ಟು ಬೇಗ ಮರೆತುದೇಕೆ?

ಸರ್ವರೂ ಮನೆಯಲ್ಲಿರಬೇಕೆಂಬುದು ನಮ್ಮ ವಾದವಲ್ಲ. ಗಾರೆಯವನೂ ಆಸ್ಪತ್ರೆಯ ದಾದಿಯೂ ಮನೆಯಿಂದ ಕೆಲಸ ಮಾಡಲಾರರು. ಮಾಡಬಲ್ಲವರು ವಾರಕ್ಕೆರಡು ದಿನವಾದರೂ ದಾರಿಯನ್ನು ಅವರಿಗೆ ಬಿಟ್ಟುಕೊಡಲಿ. ಉಳಿದ ದಿನಗಳಲ್ಲಿ ಕಚೇರಿಗಳು ಬೇರೆ ಬೇರೆ ವೇಳೆಗೆ ತೆರೆಯಲಿ. 2019ರಲ್ಲಿ ಇದೇ ರಸ್ತೆಯಲ್ಲಿ ಬಸ್ಸುಗಳಿಗೆಂದು ಏರ್ಪಡಿಸಿ, ಬಳಿಕ ಕೈಬಿಟ್ಟ ಪ್ರತ್ಯೇಕ ಪಥವನ್ನು ಅಧಿಕಾರಿಗಳು ಮರಳಿ ಕಲ್ಪಿಸಲಿ. ಇವುಗಳಿಗೆ ಸುರಂಗದ ವೆಚ್ಚದಲ್ಲಿ ಅಲ್ಪಾಂಶವೂ ಬೇಡ. ಇಷ್ಟನ್ನು ಮಾಡಿ ನೋಡದೆ ನೆಲವನ್ನು ಅಗೆಯಹೊರಡುವುದು ಅವಿವೇಕವೇ ಸರಿ.