ಪಾಚಿಯ ಮೇಲೆ ಯಾಕೀ ಯುದ್ಧ?

ಸಿಯಾಟಲ್ ಕಡೆ ಮನೆ ಕೊಂಡ ನಮ್ಮ ಕನ್ನಡದ ಗೆಳೆಯರಿಗೆಲ್ಲ ಮೊದಲ ಚಳಿಗಾಲ ಮುಗಿಯುತ್ತಿದ್ದಂತೆ ಒಂದೇ ಚಿಂತೆ ಹತ್ತಿಕೊಳ್ಳುತ್ತದೆ. ಮನೆ ಮುಂದಿನ ಲಾನು ಅಲ್ಲಲ್ಲಿ ಬೋಳು, ಉಳಿದ ಕಡೆ ಪಾಚಿ. ಕಾಲಿಟ್ಟರೆ ಸ್ಪಂಜಿನ ಹಾಗೆ ಒಳಗಿಳಿಯುತ್ತದೆ. ಅಷ್ಟರಲ್ಲಿ ಬಾಗಿಲಿಗೆ ಯಾರೋ ಚೀಟಿ ಸಿಕ್ಕಿಸಿ ಹೋಗಿರುತ್ತಾರೆ, ಪಾಚಿಗೆ ಔಷಧಿ ಹೊಡೆಯುತ್ತೇವೆ, ವರ್ಷದ ಕಾಂಟ್ರಾಕ್ಟಿಗೆ ಸಹಿ ಹಾಕಿ ಅಂತ. ಹಾಕುತ್ತಾರೆ. ಮುಂದಿನ ಮಾರ್ಚಿಗೆ ಪಾಚಿ ಮತ್ತೆ ಹಾಜರ್! ನನ್ನ ಪ್ರಕಾರ ಇದು ಶುದ್ಧ ದುಡ್ಡು ದಂಡ.

ಪಾಚಿ ಹುಲ್ಲನ್ನು ಕೊಲ್ಲುವುದಿಲ್ಲ ಸ್ವಾಮಿ. ಅದಕ್ಕೆ ಬೇರೇ ಇಲ್ಲ. ಎಲೆಯಿಂದಲೇ ನೀರು ಹೀರಿಕೊಂಡು ಬದುಕುವ ಬಡಪಾಯಿ ಅದು. ಹುಲ್ಲು ಸೋತು ಬಿಟ್ಟುಕೊಟ್ಟ ಜಾಗದಲ್ಲಿ ಬಂದು ಕೂರುತ್ತದೆ, ಅಷ್ಟೆ. ಹಾಗಾಗಿ ಕೇಳಬೇಕಾದ್ದು ಪಾಚಿ ಯಾಕೆ ಬಂತು ಅಂತಲ್ಲ, ಹುಲ್ಲು ಯಾಕೆ ಸೋತಿತು ಅಂತ.

ಒಂದು ತಮಾಷೆ ನೋಡಿ. ಸಿಯಾಟಲ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 39 ಇಂಚು. ನಮ್ಮ ಬೆಂಗಳೂರಿನಲ್ಲೂ ಹೆಚ್ಚುಕಮ್ಮಿ ಅಷ್ಟೇ! ಆದರೆ ಬೆಂಗಳೂರಿನ ಮಳೆ ಧೋ ಅಂತ ಸುರಿದು ಮರುದಿನ ಬಿಸಿಲು ಬರುತ್ತದೆ. ಇಲ್ಲಿ ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಜಿಟಿಜಿಟಿ. ಡಿಸೆಂಬರ್ ಕೊನೆಯಲ್ಲಿ ನಡುಮಧ್ಯಾಹ್ನಕ್ಕೂ ಸೂರ್ಯ ದಿಗಂತದಿಂದ 19 ಡಿಗ್ರಿ ಮೇಲೆ ಏರಿದರೆ ಹೆಚ್ಚು. ಬೇಲಿಯಾಚೆ ಎತ್ತರದ ಡಗ್ಲಸ್ ಫರ್ ಮರಗಳಿದ್ದರಂತೂ ಅಂಗಳಕ್ಕೆ ಬಿಸಿಲೇ ಇಲ್ಲ. ಇನ್ನು ಬೇಸಿಗೆ, ಜುಲೈನಲ್ಲಿ ಒಂದಿಂಚು ಮಳೆಯೂ ಇಲ್ಲ. ಹುಲ್ಲಿಗೆ ಬೇಡವಾದದ್ದೆಲ್ಲ ಒಟ್ಟಿಗೆ.

ಔಷಧಿ ಅಂತ ಹಾಕುವುದು ಹೆಚ್ಚಾಗಿ ಐರನ್ ಸಲ್ಫೇಟ್. ಕೆಲವೇ ದಿನದಲ್ಲಿ ಪಾಚಿ ಕರ್ರಗಾಗುತ್ತದೆ, ನೋಡಿದವರಿಗೆ ಖುಷಿ. (ಸಿಮೆಂಟಿನ ಮೇಲೆ ಬಿದ್ದರೆ ತುಕ್ಕಿನ ಕಲೆ ಉಚಿತ :-)) ಆದರೆ ನೆರಳು ಹಾಗೇ ಇದೆ, ನೀರು ಹಾಗೇ ನಿಂತಿದೆ. ಲಾಗಿನಲ್ಲಿ ಕಾಣುವ ಎರರ್ ಸಾಲನ್ನು ಅಳಿಸಿ ಬಗ್ ಫಿಕ್ಸ್ ಆಯ್ತು ಅಂದ ಹಾಗೆ. ಸುಣ್ಣ ಹಾಕಿ ಅನ್ನುವವರೂ ಇದ್ದಾರೆ. ಮಳೆಗೆ ಕ್ಯಾಲ್ಸಿಯಂ ತೊಳೆದುಹೋಗಿ ಈ ಕಡೆಯ ಮಣ್ಣು ಹುಳಿ ಅನ್ನುವುದು ನಿಜವೇ. ಆದರೆ ಸುಣ್ಣ ಪಾಚಿಯನ್ನು ಕೊಲ್ಲುವುದಿಲ್ಲ, ಹುಲ್ಲಿಗೆ ಸ್ವಲ್ಪ ಅನುಕೂಲ ಮಾಡಿಕೊಡುತ್ತದೆ. ಅದನ್ನೂ ಮಣ್ಣು ಪರೀಕ್ಷೆ ಮಾಡಿಸಿ ಹಾಕಬೇಕು, ರಂಗೋಲಿ ಎಳೆದ ಹಾಗೆ ಎರಚುವುದಲ್ಲ. ಮಲೆನಾಡಿನ ಅಡಿಕೆ ತೋಟದವರನ್ನು ಕೇಳಿ ನೋಡಿ. ಬಸಿಗಾಲುವೆ ಬಿಡಿಸದೆ ಗೊಬ್ಬರದ ಮಾತೇ ಎತ್ತುವುದಿಲ್ಲ.

ಬಿಸಿಲಿರುವ ಜಾಗದಲ್ಲಿ ಲಾನು ಖಂಡಿತ ಮತ್ತೆ ಬರುತ್ತದೆ, ಮೈ ಬಗ್ಗಿಸಬೇಕಷ್ಟೆ. ಪಾಚಿಯನ್ನು ರೇಕಿನಿಂದ ಎಳೆದು ತೆಗೆಯಿರಿ. ಓಡಾಡಿ ಬಿಗಿದುಹೋದ ಮಣ್ಣಿಗೆ ಬಾಡಿಗೆಯ ಏರೇಟರ್ ತಂದು ತೂತು ಹೊಡೆಸಿ, ಮೇಲೆ ತೆಳ್ಳಗೆ ಕಾಂಪೋಸ್ಟ್ ಉದುರಿಸಿ. ಬೀಜ ಪೆರೆನಿಯಲ್ ರೈಗ್ರಾಸ್ ಮತ್ತು ಫೈನ್ ಫೆಸ್ಕ್ಯೂ ಬೆರೆತದ್ದಿರಲಿ. ಕೆಂಟಕಿ ಬ್ಲೂಗ್ರಾಸ್ ಹೆಸರು ದೊಡ್ಡದು, ಈ ಕಡೆ ಬಾಳುವುದಿಲ್ಲ. ಗೊಬ್ಬರದ ಚೀಲದಲ್ಲಿ ರಂಜಕ ಎಷ್ಟಿದೆ ನೋಡಿಕೊಳ್ಳಿ. ಕೆರೆ ಹಾಳಾಗುತ್ತದೆಂದು ವಾಷಿಂಗ್ಟನ್ ರಾಜ್ಯ 2013ರಿಂದ ಲಾನಿನ ಗೊಬ್ಬರದಲ್ಲಿ ಅದಕ್ಕೆ ನಿರ್ಬಂಧ ಹಾಕಿದೆ. ಹೊಸ ಲಾನಿಗೆ, ಕೆಟ್ಟ ಲಾನು ಸರಿಮಾಡುವುದಕ್ಕೆ ವಿನಾಯಿತಿ ಇದೆ. ಇನ್ನು ನಮ್ಮವರಿಗೆ ಹುಲ್ಲನ್ನು ತಲೆ ಬೋಳಿಸಿದ ಹಾಗೆ ಕತ್ತರಿಸುವ ಹುಚ್ಚು, ಮತ್ತೆರಡು ವಾರ ಮೆಷಿನ್ ಎಳೆಯಬೇಕಿಲ್ಲ ಅಂತ. ಎರಡು ಇಂಚಾದರೂ ಬಿಡಿ ಮಾರಾಯ್ರೆ.

ನೆರಳಿನ ಜಾಗ? ಅಲ್ಲಿ ಪಾಚಿಯನ್ನೇ ಬಿಟ್ಟುಬಿಡಿ ಅನ್ನುತ್ತೇನೆ ನಾನು. ಕತ್ತರಿಸಬೇಕಿಲ್ಲ, ಗೊಬ್ಬರ ಬೇಡ, ಚಳಿಗಾಲದಲ್ಲಿ ಹುಲ್ಲಿಗಿಂತ ಹಸಿರು. ಮಕ್ಕಳು ಕುಣಿದರೆ ಕಿತ್ತುಬರುತ್ತದೆ ಅನ್ನುವುದೊಂದೇ ತಕರಾರು. ಜಪಾನಿನ ಕ್ಯೋಟೋದಲ್ಲಿ ಸೈಹೋಜಿ ಅನ್ನುವ ದೇವಾಲಯದ ತೋಟದ ತುಂಬ ಪಾಚಿಯೇ, ಸುಮಾರು 120 ಬಗೆ. ಅದನ್ನು ಯಾರೂ ನೆಟ್ಟದ್ದಲ್ಲ, ನೋಡಿಕೊಳ್ಳುವವರಿಲ್ಲದೆ ಪಾಳುಬಿದ್ದಾಗ ತಾನಾಗಿ ಹಬ್ಬಿದ್ದು. 1994ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ಜನ ಮೊದಲೇ ಬುಕ್ ಮಾಡಿ ದುಡ್ಡು ಕೊಟ್ಟು ನೋಡಿ ಬರುತ್ತಾರೆ. ನಾವು ದುಡ್ಡು ಕೊಟ್ಟು ಸಾಯಿಸುತ್ತೇವೆ.

ಕಾಲೊನಿಯ ಸಂಘದವರು ಕಾಗದ ಕಳಿಸುತ್ತಾರಲ್ಲ, ದಂಡ ಹಾಕಿದರೆ ಅಂತ ಗೆಳೆಯನೊಬ್ಬ ಕೇಳಿದ. ಕಾಗದ ನಮ್ಮ ಮನೆಗೂ ಬಂದಿತ್ತು. ನಿಯಮ ಪುಸ್ತಕ ತೆಗೆದು ಓದಿದೆ, ಅಂಗಳ ಚೊಕ್ಕಟವಾಗಿರಬೇಕು ಅಂತಿದೆಯೇ ಹೊರತು ಹುಲ್ಲೇ ಇರಬೇಕು ಅಂತ ಎಲ್ಲೂ ಇಲ್ಲ. ಹಾಗೇ ಬರೆದು ಕಳಿಸಿದೆ. ಆಮೇಲೆ ಕಾಗದವಿಲ್ಲ. ನಿಮ್ಮ ಪುಸ್ತಕದಲ್ಲಿ ಏನಿದೆಯೋ ನೋಡಿಕೊಳ್ಳಿ. ಬೀಜ ಹಾಕುವವರು ಮಾತ್ರ ಸೆಪ್ಟೆಂಬರ್ ಮಧ್ಯದೊಳಗೆ ಮುಗಿಸಿ, ಆಮೇಲೆ ಜಿಟಿಜಿಟಿ ಶುರು.